ಪ್ರಮಾಣವರಿಯದ ಮಗುವಿನ ಮಾತು

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ಹಿರಿಯರು ಹೇಳಿದ್ದಾರೆ. ಕಣ್ಣಿಗೆ ಬಿದ್ದದ್ದನ್ನೂ ಒರೆಗೆ ಹಚ್ಚದೆ ನಂಬಬಾರದೆಂಬುದು ಅದರ ತಾತ್ಪರ್ಯ. ಕನ್ನಡದಲ್ಲಿ ಪ್ರಮಾಣವೆಂಬ ಒಂದೇ ಶಬ್ದಕ್ಕೆ ಮೂರು ಅರ್ಥಗಳಿವೆ. ದೇವರ ಹೆಸರಿನಲ್ಲಿ ಮಾಡುವ ಆಣೆ ಪ್ರಮಾಣ. ಒಂದು ಸಂಗತಿ ನಿಜವೆಂದು ತೋರಿಸಿಕೊಡುವ ಆಧಾರವೂ ಪ್ರಮಾಣ. ವೈದ್ಯರು ಔಷಧದ ಪ್ರಮಾಣವೆನ್ನುವಾಗ ಅದೇ ಶಬ್ದ ಅಳತೆಯನ್ನೂ ಮಿತಿಯನ್ನೂ ಸೂಚಿಸುತ್ತದೆ. ನಿತ್ಯದ ವ್ಯವಹಾರದಲ್ಲಿ ಈ ಮೂರು ಅರ್ಥಗಳು ಒಂದಕ್ಕೊಂದು ತಾಗದೆ ತಮ್ಮ ತಮ್ಮ ದಾರಿಯಲ್ಲಿ ಸಾಗುತ್ತವೆ. ಆದರೆ ನ್ಯಾಯಾಲಯದ ಕಟಕಟೆಯಲ್ಲಿ ಎಳೆಯ ಮಗುವೊಂದು ಬಂದು ನಿಂತಾಗ ಮೂರೂ ಒಮ್ಮೆಗೇ ಎದುರಾಗುತ್ತವೆ. ಆಣೆಯೆಂದರೇನೆಂದು ಅರಿಯದ ಮಗುವಿನ ಮಾತು ಆಧಾರವಾದೀತೇ? ಆಗುವುದಾದರೆ ಅದನ್ನು ತೂಗುವ ಅಳತೆ ಯಾವುದು?

ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು ಸ್ಥಾಪನೆಯಾಗಿ ಎರಡು ವರ್ಷ ತುಂಬುವ ಮೊದಲೇ ಈ ಪ್ರಶ್ನೆ ಅದರ ಬಾಗಿಲಿಗೆ ಬಂದಿತು. ತೀರ್ಪು ಹೊರಬಿದ್ದದ್ದು 1951ರ ಡಿಸೆಂಬರ್ ತಿಂಗಳಲ್ಲಿ. ಮೊಕದ್ದಮೆ ರಾಜಸ್ಥಾನದ್ದು, ನೊಂದವಳು ಎಂಟು ವರ್ಷದ ಬಾಲಿಕೆ. ಅವಳ ಹೆಸರು ಇಲ್ಲಿ ಬೇಡ. ಅಂಥ ಹೆಸರುಗಳ ಪ್ರಕಟಣೆಯನ್ನು ಇಂದಿನ ಕಾನೂನು ನಿಷೇಧಿಸಿರುವುದು ಸರಿಯಾಗಿಯೇ ಇದೆ. ಆ ಮಗು ಅತ್ಯಾಚಾರಕ್ಕೆ ಗುರಿಯಾಗಿ ಮನೆಗೆ ಬಂದಾಗ ತಾಯಿ ಮನೆಯಲ್ಲಿರಲಿಲ್ಲ. ಮಗು ಮಲಗಿತು, ಹಾಗೆಯೇ ನಿದ್ದೆಹೋಯಿತು. ತಾಯಿ ಹಿಂತಿರುಗಿದ ಮೇಲೆ, ಘಟನೆ ನಡೆದು ಸುಮಾರು ನಾಲ್ಕು ಗಂಟೆಗಳಾದ ಬಳಿಕ, ಆದದ್ದನ್ನು ಅವಳಿಗೆ ಹೇಳಿತು. ಆ ತಾಯಿ ಮಗಳ ಮಾತನ್ನು ಕೇಳಿಸಿಕೊಂಡಳು. ಆ ಒಂದು ಕೇಳುವಿಕೆ ಮುಂದೆ ಇಡೀ ದೇಶದ ನ್ಯಾಯಶಾಸ್ತ್ರಕ್ಕೆ ಎಷ್ಟು ಮುಖ್ಯವಾಗಲಿದೆಯೆಂಬುದು ಆ ಹೊತ್ತಿನಲ್ಲಿ ಅವಳಿಗೆ ತಿಳಿದಿರುವುದು ಸಾಧ್ಯವಿರಲಿಲ್ಲ.

ವಿಚಾರಣೆ ನಡೆಸಿದ ಸಹಾಯಕ ಸೆಷನ್ಸ್ ನ್ಯಾಯಾಧೀಶರು ಮಗುವನ್ನು ನೋಡಿದರು, ಮಾತನಾಡಿಸಿದರು. ಆಣೆಯ ಪಾವಿತ್ರ್ಯ ಇವಳಿಗೆ ತಿಳಿಯದೆಂದು ಬರೆದುಕೊಂಡು, ಪ್ರಮಾಣವಚನವನ್ನು ಬೋಧಿಸದೆಯೇ ಅವಳ ಹೇಳಿಕೆಯನ್ನು ದಾಖಲಿಸಿದರು. ಸತ್ಯವನ್ನು ಹೇಳುವುದು ತನ್ನ ಕರ್ತವ್ಯವೆಂಬುದಾದರೂ ಅವಳಿಗೆ ತಿಳಿದಿದೆಯೆಂಬ ಇನ್ನೊಂದು ವಾಕ್ಯವನ್ನು ಅವರು ಬರೆಯಬೇಕಾಗಿತ್ತು, ಬರೆಯಲಿಲ್ಲ. ಆದರೆ ಮಗುವಿನ ಮಾತನ್ನು ನಂಬಿದರು, ಆಪಾದಿತನಿಗೆ ಶಿಕ್ಷೆ ವಿಧಿಸಿದರು.

ಆಪಾದಿತನು ಅಪೀಲು ಹೋದನು. ಜಯಪುರದ ಸೆಷನ್ಸ್ ನ್ಯಾಯಾಧೀಶರು ಅದೇ ಕಾಗದಗಳನ್ನು ಓದಿದರು. ಅವರಿಗೂ ಮಗುವಿನ ಮಾತು ಸುಳ್ಳೆನಿಸಲಿಲ್ಲ. ಮನಸ್ಸನ್ನು ಒಪ್ಪಿಸುವಷ್ಟು ಸಾಕ್ಷ್ಯವಿದೆ, ಆದರೆ ಕಾನೂನು ಬೇಡುವ ರುಜುವಾತಿಗೆ ಅದು ಸಾಲದು, ಬೇರೆ ಬೆಂಬಲ ಬೇಕು ಎಂಬುದು ಅವರ ಅಭಿಪ್ರಾಯ. ಸಂಶಯದ ಲಾಭವನ್ನು ಕೊಟ್ಟು ಆಪಾದಿತನನ್ನು ಬಿಡುಗಡೆ ಮಾಡಿದರು. ಸರಕಾರ ಹೈಕೋರ್ಟಿಗೆ ಹೋಯಿತು. ಬೆಂಬಲ ಬೇಕೆಂಬುದನ್ನು ಹೈಕೋರ್ಟು ಒಪ್ಪಿತು. ಆದರೆ ಮಗು ತಾಯಿಗೆ ಹೇಳಿದ ಮಾತೇ ಆ ಬೆಂಬಲವೆಂದು ಹೇಳಿ ಶಿಕ್ಷೆಯನ್ನು ಪುನಃ ಎತ್ತಿಹಿಡಿಯಿತು. ಅಲ್ಲಿಂದ ಮೊಕದ್ದಮೆ ದೆಹಲಿಗೆ ಹೋಯಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಮಗು ಹೇಳಿದ್ದು ಒಂದೇ ಮಾತು. ಓದಿದ ಕಾಗದವೂ ಒಂದೇ. ಒಬ್ಬರು ಶಿಕ್ಷೆಯೆಂದರು, ಒಬ್ಬರು ಬಿಡುಗಡೆಯೆಂದರು, ಮೂರನೆಯವರು ಪುನಃ ಶಿಕ್ಷೆಯೆಂದರು. ಇವರಲ್ಲಿ ಯಾರೂ ಮಗುವನ್ನು ಸುಳ್ಳುಗಾತಿಯೆಂದು ಕರೆಯಲಿಲ್ಲ. ನಂಬುವುದೇ ಬೇರೆ, ರುಜುವಾತಾಗುವುದೇ ಬೇರೆ ಎಂಬ ಒಂದು ಗೆರೆಯ ಆಚೆಗೂ ಈಚೆಗೂ ನಿಂತು ಅವರು ಹೀಗೆ ಬೇರೆಯಾದರು.

ಪ್ರಾಚೀನ ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಎಣಿಸುತ್ತದೆ. ಮಕ್ಕಳ ಮೇಲಣ ಲೈಂಗಿಕ ಅಪರಾಧಗಳಲ್ಲಿ ಪ್ರತ್ಯಕ್ಷ ಕಂಡವರು ದೊರೆಯುವುದು ಅಪೂರ್ವ. ದುಷ್ಕರ್ಮಿಯು ಸಾಕ್ಷಿಗಳನ್ನು ಜೊತೆಗೆ ಕರೆದುಕೊಂಡು ಬರುವುದಿಲ್ಲ. ವೈದ್ಯರ ವರದಿ, ಬಟ್ಟೆಯ ಮೇಲಿನ ಕಲೆ ಮುಂತಾದವು ಅನುಮಾನಕ್ಕೆ ದಾರಿ ಮಾಡಿಕೊಡಬಹುದು. ಎಷ್ಟೋ ಸಲ ಅವೂ ಇರುವುದಿಲ್ಲ. ದೇಹದ ಮೇಲೆ ಗುರುತು ಉಳಿಸದ ಅಪರಾಧವೂ ಅಪರಾಧವೇ. ಕಡೆಗೆ ಉಳಿಯುವುದು ಶಬ್ದ, ಅಂದರೆ ಆಪ್ತವಾಕ್ಯ, ನಂಬತಕ್ಕವರ ಮಾತು. ಎಂಟು ವರ್ಷದ ಮಗುವನ್ನು ನ್ಯಾಯಾಲಯವು ಆಪ್ತಳೆಂದು ಎಣಿಸಬಹುದೇ ಎಂಬುದೇ ಆ ಮೊಕದ್ದಮೆಯ ಹೃದಯವಾಗಿತ್ತು.

ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದವರು ನ್ಯಾಯಮೂರ್ತಿ ವಿವಿಯನ್ ಬೋಸ್. ಮೊದಲನೆಯ ಪ್ರಶ್ನೆ ಆಣೆಯದು. ಆಣೆಯನ್ನು ಬೋಧಿಸದಿದ್ದ ಮಾತ್ರಕ್ಕೆ ಸಾಕ್ಷ್ಯ ಅನರ್ಹವಾಗುವುದಿಲ್ಲವೆಂದು ಅವರು ತೀರ್ಮಾನಿಸಿದರು. ಸಾಕ್ಷಿಯ ಯೋಗ್ಯತೆಯನ್ನು ಗೊತ್ತುಪಡಿಸುವುದು 1872ರ ಸಾಕ್ಷ್ಯ ಅಧಿನಿಯಮ. ಅದರ 118ನೆಯ ಪ್ರಕರಣವು ವಯಸ್ಸಿನ ಗೆರೆಯನ್ನೇ ಎಳೆದಿರಲಿಲ್ಲ. ಪ್ರಶ್ನೆಯನ್ನು ಗ್ರಹಿಸಿ ಸುಸಂಬದ್ಧವಾದ ಉತ್ತರ ಕೊಡಬಲ್ಲ ಯಾರೇ ಆಗಲಿ ಸಾಕ್ಷಿಯಾಗಬಹುದೆಂದು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ 124ನೆಯ ಪ್ರಕರಣವಾಗಿ ಅದೇ ತತ್ತ್ವ ಉಳಿದು ಬಂದಿದೆ. ಆದರೂ ನ್ಯಾಯಾಧೀಶರು ಮಗುವಿಗೆ ಸತ್ಯ ನುಡಿಯುವ ಕರ್ತವ್ಯ ತಿಳಿದಿದೆಯೆಂಬ ತಮ್ಮ ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆದಿಡಬೇಕು, ಇಲ್ಲವಾದರೆ ಸಾಕ್ಷ್ಯದ ಬೆಲೆ ಕುಗ್ಗೀತು ಎಂದು ಬೋಸ್ ಎಚ್ಚರಿಸಿದರು. ಬರೆಯದೆ ಬಿಟ್ಟ ಒಂದು ವಾಕ್ಯ ಜಯಪುರದಿಂದ ದೆಹಲಿಯವರೆಗೆ ಪ್ರಯಾಣ ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರಷ್ಟೆ.

ಎರಡನೆಯ ಪ್ರಶ್ನೆ ಬೆಂಬಲದ ಸಾಕ್ಷ್ಯದ್ದು. ಇದಕ್ಕೆ ಹಿಂದಿನ ಕಥೆಯೊಂದಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಪ್ರಖ್ಯಾತ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಎಂಬಾತನು, ಅತ್ಯಾಚಾರದ ಆರೋಪ ಹೊರಿಸುವುದು ಸುಲಭ, ಅದನ್ನು ನಿರಾಕರಿಸುವುದು ನಿರಪರಾಧಿಗೂ ಕಷ್ಟ ಎಂಬ ಅರ್ಥದಲ್ಲಿ ಬರೆದಿಟ್ಟನು. ಆ ಮಾತು ತಲೆಮಾರುಗಳ ಕಾಲ ಇಂಗ್ಲಿಷ್ ನ್ಯಾಯಾಲಯಗಳಲ್ಲಿ ಜೂರಿಗಳ ಕಿವಿಯಲ್ಲಿ ಮೊಳಗಿತು. ನೊಂದ ಹೆಣ್ಣಿನ ಮಾತನ್ನೂ, ಮಗುವಿನ ಮಾತನ್ನೂ ಬೆಂಬಲವಿಲ್ಲದೆ ನಂಬುವುದು ಅಪಾಯವೆಂದು ಎಚ್ಚರಿಸುವುದು ವಾಡಿಕೆಯಾಯಿತು. ವಾಡಿಕೆ ಕಾಲಕ್ರಮದಲ್ಲಿ ಕಟ್ಟಳೆಯಾಯಿತು. ಇಂಗ್ಲೆಂಡಿನಲ್ಲಿಯೇ ಈ ಕಡ್ಡಾಯದ ಎಚ್ಚರಿಕೆ ಮಕ್ಕಳ ವಿಷಯದಲ್ಲಿ 1988ರ, ಲೈಂಗಿಕ ಅಪರಾಧಗಳ ವಿಷಯದಲ್ಲಿ 1994ರ ಶಾಸನಗಳಿಂದ ತೊಲಗಿತು.

ಬೋಸ್ ಅವರ ತೀರ್ಪು ಈ ಗಂಟನ್ನು ಬಹುಪಾಲು ಮೊದಲೇ ಸಡಿಲಿಸಿತ್ತು. ಅತ್ಯಾಚಾರಕ್ಕೆ ಗುರಿಯಾದವಳು ಅಪರಾಧದಲ್ಲಿ ಪಾಲುಗಾತಿಯಲ್ಲ, ದೌರ್ಜನ್ಯಕ್ಕೆ ಬಲಿಯಾದವಳು ಎಂದು ಅವರು ಸ್ಪಷ್ಟಪಡಿಸಿದರು. ಪ್ರತಿಯೊಂದು ಮೊಕದ್ದಮೆಯಲ್ಲಿಯೂ ಬೆಂಬಲ ಇರಲೇಬೇಕೆಂಬುದು ನಿಯಮವಲ್ಲ. ಬೆಂಬಲ ಬೇಕೇ ಬೇಡವೇ ಎಂಬ ವಿವೇಕ ನ್ಯಾಯಾಧೀಶರ ಮನಸ್ಸಿನಲ್ಲಿ ಜಾಗೃತವಾಗಿರಬೇಕೆಂಬುದೇ ನಿಯಮ. ಬೆಂಬಲವೆಂದರೆ ಮಗುವಿನ ಒಂದೊಂದು ಮಾತಿಗೂ ಒಬ್ಬೊಬ್ಬ ಸಾಕ್ಷಿಯಲ್ಲ. ಒಟ್ಟು ಸಂಗತಿ ನಿಜವಿರಬೇಕೆಂದು ತೋರಿಸಿ, ಆಪಾದಿತನನ್ನು ಅದಕ್ಕೆ ಜೋಡಿಸುವ ಸನ್ನಿವೇಶವಿದ್ದರೂ ಸಾಕು. ತಾಯಿ ಮಗಳ ಕಡೆಯವಳೆಂಬ ಕಾರಣದಿಂದ ಮಾತ್ರ ಅವಳ ಸಾಕ್ಷ್ಯ ಕಳಂಕಿತವಾಗದು. ಘಟನೆಯ ಸಮೀಪಕಾಲದಲ್ಲಿ ಆಡಿದ ಮಾತಿಗೆ ಕಾನೂನು ಬೆಲೆ ಕೊಡುತ್ತದೆ. ಹಾಗಾದರೆ ನಾಲ್ಕು ಗಂಟೆಗಳು ಸಮೀಪಕಾಲವೇ? ತಾಯಿ ಮನೆಯಲ್ಲಿರಲಿಲ್ಲ, ಬಂದೊಡನೆ, ಮೊದಲ ಅವಕಾಶದಲ್ಲಿಯೇ ಮಗು ಹೇಳಿತು. ಯಾರೋ ಹೇಳಿಕೊಡಲು ನಡುವೆ ಎಡೆಯಿರಲಿಲ್ಲ. ಅಷ್ಟು ಸಾಕೆಂದಿತು ಕೋರ್ಟು. ಅಪೀಲು ವಜಾ ಆಯಿತು.

* * *

ತೀರ್ಪೊಂದು ಗ್ರಂಥದಲ್ಲಿ ಅಚ್ಚಾದ ಮಾತ್ರಕ್ಕೆ ಮನುಷ್ಯರ ಮನಸ್ಸಿನಲ್ಲಿ ಅಚ್ಚಾಗುವುದಿಲ್ಲ. ಅನಂತರದ ದಶಕಗಳ ಅಪೀಲುಗಳನ್ನು ನೋಡಿದರೆ ಅದೇ ಪಾಠವನ್ನು ಮೇಲಿಂದ ಮೇಲೆ ಹೇಳಬೇಕಾಗಿ ಬಂದದ್ದು ಕಾಣುತ್ತದೆ.

1975ರ ಒಂದು ಸಂಜೆ ಗುಜರಾತಿನ ಗಾಂಧಿನಗರದಲ್ಲಿ ಸರಕಾರಿ ನೌಕರನೊಬ್ಬನ ಮನೆಗೆ, ಅವನ ಮಗಳನ್ನು ಕಾಣಲೆಂದು ಹತ್ತು ಹನ್ನೆರಡು ವರ್ಷದ ಇಬ್ಬರು ಗೆಳತಿಯರು ಬಂದರು. ಗೆಳತಿ ಮನೆಯಲ್ಲಿರಲಿಲ್ಲ; ತಂದೆಯಿದ್ದ. ಆ ಮನೆ ಕಾಡಿನಲ್ಲಿರಲಿಲ್ಲ, ಕತ್ತಲೆಯ ಓಣಿಯಲ್ಲಿರಲಿಲ್ಲ. ಮಧ್ಯಮ ವರ್ಗದವರು ವಾಸಿಸುವ, ನೆರೆಹೊರೆಯವರು ಒಬ್ಬರನ್ನೊಬ್ಬರು ಬಲ್ಲ ಬಡಾವಣೆಯಲ್ಲಿತ್ತು. 1983ರಲ್ಲಿ ಆ ಅಪೀಲನ್ನು ನಿರ್ಣಯಿಸಿದ ನ್ಯಾಯಮೂರ್ತಿ ಎಂ. ಪಿ. ಠಕ್ಕರ್, ನೊಂದವಳ ಮಾತಿಗೆ ಬೆಂಬಲ ಬೇಕೇಬೇಕೆಂದು ಹಟ ಹಿಡಿಯುವುದು ಗಾಯದ ಮೇಲೆ ಅವಮಾನವನ್ನು ಹೇರಿದಂತೆಂದು ಕಠಿಣವಾಗಿ ನುಡಿದರು. ಅದೇ ತೀರ್ಪಿನಲ್ಲಿ ಇನ್ನೊಂದು ವಿವೇಕದ ಮಾತಿದೆ. ಸಾಕ್ಷಿಯ ನೆನಪು ಛಾಯಾಚಿತ್ರವಲ್ಲ. ವೇಳೆ ಎಷ್ಟಾಗಿತ್ತು, ಯಾರು ಎಲ್ಲಿ ನಿಂತಿದ್ದರು, ಮೊದಲು ಯಾವ ಮಾತು ಬಂದಿತು ಎಂಬ ವಿವರಗಳಲ್ಲಿ ಎಂಥವರೂ ತಪ್ಪುತ್ತಾರೆ. ತುಂಬಿದ ಕೋರ್ಟಿನಲ್ಲಿ ಪಾಟೀ ಸವಾಲಿಗೆ ಸಿಕ್ಕಿ ಗಾಬರಿಗೊಂಡವರಂತೂ ತಪ್ಪಿಯೇ ತಪ್ಪುತ್ತಾರೆ. ಬುಡವನ್ನು ಅಲುಗಿಸದ ಇಂಥ ಸಣ್ಣ ವ್ಯತ್ಯಾಸಗಳಿಗಾಗಿ ಇಡೀ ಸಾಕ್ಷ್ಯವನ್ನು ಎಸೆಯಬಾರದು.

ಬುಡ ಯಾವುದು, ಎಲೆ ಯಾವುದು ಎಂಬುದನ್ನು ಗುರುತಿಸಲಾರದೆ ಹೋದರೆ ಏನಾಗುತ್ತದೆಂಬುದಕ್ಕೆ ಪಂಜಾಬಿನ ಒಂದು ಮೊಕದ್ದಮೆ ಸಾಕ್ಷಿಯಾಗಿದೆ. 1984ರಲ್ಲಿ ಹದಿನಾರು ತುಂಬದ ಹಳ್ಳಿಯ ಹುಡುಗಿಯೊಬ್ಬಳನ್ನು ಪರೀಕ್ಷೆ ಬರೆದು ಬರುವಾಗ ಕಾರಿನಲ್ಲಿ ಅಪಹರಿಸಿದರು. ವಿಚಾರಣೆಯ ನ್ಯಾಯಾಲಯ ಅವಳನ್ನು ನಂಬಲಿಲ್ಲ. ಅವಳಿಗೆ ಫಿಯೆಟ್ ಕಾರಿಗೂ ಅಂಬಾಸಿಡರ್ ಕಾರಿಗೂ ಇರುವ ಭೇದ ತಿಳಿದಿರಲಿಲ್ಲವೆಂಬುದು ಒಂದು ಕಾರಣ! ಮರುದಿನ ಪರೀಕ್ಷೆಗೆ ಬಂದಾಗ ಉಪಾಧ್ಯಾಯಿನಿಯರಿಗೂ ಗೆಳತಿಯರಿಗೂ ಹೇಳಲಿಲ್ಲವೆಂಬುದು ಇನ್ನೊಂದು. ದೂರು ತಡವಾಯಿತೆಂಬುದು ಮತ್ತೊಂದು. 1996ರಲ್ಲಿ ನ್ಯಾಯಮೂರ್ತಿ ಎ. ಎಸ್. ಆನಂದ್ ಬರೆದ ತೀರ್ಪು ಈ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಂಡು ತಿರಸ್ಕರಿಸಿತು. ಹಳ್ಳಿಯ ಹುಡುಗಿಗೆ ಕಾರುಗಳ ಜಾತಿ ತಿಳಿಯದಿದ್ದರೆ ಆಶ್ಚರ್ಯವೇನು? ಶಾಲೆಯಲ್ಲಿ ನಾಚಿಕೆಯಿಂದ ಬಾಯಿ ಕಟ್ಟಿತೆಂದರೆ ಅಸಹಜವೇನು? ಮನೆಗೆ ಬಂದವಳು ತಾಯಿಗೆ ಹೇಳಿದಳು. ತಂದೆ ಊರ ಮುಖ್ಯಸ್ಥನ ಬಳಿ ಹೋದನು, ಪಂಚಾಯಿತಿಯಲ್ಲಿ ರಾಜಿಯ ಮಾತು ನಡೆಯಿತು, ತಡವಾದದ್ದು ಹಾಗೆ. ಬಿಡುಗಡೆಯ ತೀರ್ಪು ರದ್ದಾಯಿತು. ಆದರೆ ಘಟನೆಗೂ ಈ ಮಾತಿಗೂ ನಡುವೆ ಹನ್ನೆರಡು ವರ್ಷಗಳು ಸರಿದುಹೋಗಿದ್ದವು. ಪರೀಕ್ಷೆ ಬರೆಯಲು ಹೋಗಿದ್ದ ಹುಡುಗಿ ಅಷ್ಟರಲ್ಲಿ ಇಪ್ಪತ್ತೇಳರ ಸಮೀಪದ ಹೆಂಗಸಾಗಿದ್ದಳು.

ಇಂಥ ಮೊಕದ್ದಮೆಗಳು ಮುಚ್ಚಿದ ಬಾಗಿಲುಗಳ ಹಿಂದೆ ನಡೆಯಬೇಕೆಂದು ಆ ತೀರ್ಪು ನೆನಪಿಸಿತು. 2004ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಮಗುವಿಗೆ ಆಪಾದಿತನ ಮುಖ ಕಾಣದಂತೆ ಪರದೆ ಇರಬಹುದು, ಪಾಟೀ ಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರಿಗೆ ಕೊಟ್ಟು ಅವರ ಬಾಯಿಂದಲೇ ಕೇಳಿಸಬೇಕು, ನಡುನಡುವೆ ಮಗುವಿಗೆ ಬಿಡುವು ಕೊಡಬೇಕು. ಮಗು ಹೇಳುವುದು ಸತ್ಯವೇ ಎಂದು ಕೇಳುವ ಮೊದಲು, ಮಗುವಿಗೆ ಹೇಳಲು ಬಿಟ್ಟಿದ್ದೇವೆಯೇ ಎಂದು ಕೇಳುವುದನ್ನು ನ್ಯಾಯಾಲಯ ಕಲಿಯತೊಡಗಿತ್ತು.

* * *

ಅಪೀಲಿನ ಸ್ವರೂಪವನ್ನು ತಿಳಿಯದವರಿಗೆ ಈ ಕಲಿಕೆಯ ಬೆಲೆ ಪೂರ್ತಿಯಾಗಿ ತಿಳಿಯಲಾರದು. ಮೇಲಿನ ಕೋರ್ಟಿಗೆ ಸಾಮಾನ್ಯವಾಗಿ ಮಗು ಬರುವುದಿಲ್ಲ; ಕಾಗದ ಬರುತ್ತದೆ. ಕೆಳಗಿನ ನ್ಯಾಯಾಧೀಶರು ಮಗುವಿನ ಮುಖ ನೋಡಿರುತ್ತಾರೆ. ಯಾವ ಪ್ರಶ್ನೆಗೆ ಅದು ತಲೆ ತಗ್ಗಿಸಿತು, ಎಲ್ಲಿ ಅತ್ತಿತು, ಯಾರ ಕಡೆಗೆ ನೋಡಿ ಮಾತು ನುಂಗಿತು ಎಂಬುದು ಅವರ ಕಣ್ಣಿನಲ್ಲಿ ಇರುತ್ತದೆ. ಸಾಕ್ಷಿಯ ಹಾವಭಾವಗಳಲ್ಲಿ ಮುಖ್ಯವಾದುದನ್ನು ಬರೆದಿಡಬೇಕೆಂದು ವಿಧಿಯೂ ಇದೆ. ಬರೆಯದೆ ಹೋದರೆ ಆ ಅಳುವೂ ಆ ಮೌನವೂ ಕೋರ್ಟಿನ ಬಾಗಿಲಲ್ಲಿಯೇ ಕರಗಿಹೋಗುತ್ತವೆ. ಮೇಲೆ ಕುಳಿತವರಿಗೆ ಕಾಣುವುದು, "ಗೊತ್ತಿಲ್ಲ" ಎಂಬ ಒಂದು ಒಣ ಶಬ್ದ ಮಾತ್ರ.

ಭಾಷೆಯ ತೊಡಕೂ ಇದೆ. ಹಳ್ಳಿಯ ಮಗು ತನ್ನ ಮನೆಯ ಕನ್ನಡದಲ್ಲಿ, "ಮಾಮ ಕೆಟ್ಟದ್ದು ಮಾಡಿದ" ಎನ್ನಬಹುದು. ದೇಹದ ಎಷ್ಟೋ ಅಂಗಗಳಿಗೆ ಅದಕ್ಕೆ ಹೆಸರೇ ತಿಳಿಯದು. ತಿಳಿದಿದ್ದರೂ ಉಚ್ಚರಿಸಬಾರದೆಂದು ದೊಡ್ಡವರೇ ಕಲಿಸಿರುತ್ತಾರೆ. ಕಾನೂನಾದರೋ ಒಂದೊಂದು ಬಗೆಯ ಕೃತ್ಯಕ್ಕೆ ಒಂದೊಂದು ಪ್ರಕರಣವನ್ನೂ ಒಂದೊಂದು ಶಿಕ್ಷೆಯನ್ನೂ ಇಟ್ಟಿದೆ. ಮಗುವಿನ ಮಾತು ಮೊದಲು ದಾಖಲೆಯ ಗ್ರಾಂಥಿಕ ಭಾಷೆಗೆ, ಅನಂತರ ಹೈಕೋರ್ಟಿಗೆ ಇಂಗ್ಲಿಷಿಗೆ ದಾಟುತ್ತದೆ. ಪ್ರತಿಯೊಂದು ದಾಟಿನಲ್ಲಿಯೂ ಏನೋ ಒಂದಿಷ್ಟು ಸೋರಿಹೋಗುವುದು ಅಥವಾ ಸೇರಿಕೊಳ್ಳುವುದು ತಪ್ಪದು. ಆದಕಾರಣ ಮಗುವಿನ ಮಾತನ್ನು ಮಗು ಆಡಿದಂತೆಯೇ ಬರೆದಿಡುವುದು ಕೇವಲ ಶಿಷ್ಟಾಚಾರವಲ್ಲ. ಹತ್ತು ವರ್ಷಗಳ ಬಳಿಕ ಆ ಮಾತಿಗೆ ಉಳಿಯುವ ಜೀವ ಅದೊಂದೇ.

ಒಂದು ಶಬ್ದದ ಅರ್ಥದ ಮೇಲೆ ಇಡೀ ಅಪೀಲು ನಿಲ್ಲುವುದೂ ಉಂಟು. 2021ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ನಾಗಪುರ ಪೀಠವು ಹನ್ನೆರಡು ವರ್ಷದ ಹುಡುಗಿಯ ಮೊಕದ್ದಮೆಯಲ್ಲಿ, ಬಟ್ಟೆಯ ಮೇಲಿನಿಂದ ಮುಟ್ಟಿದರೆ ಅದು ಮಕ್ಕಳ ರಕ್ಷಣಾ ಶಾಸನದ ಅರ್ಥದಲ್ಲಿ ಲೈಂಗಿಕ ದೌರ್ಜನ್ಯವಾಗದು, ಚರ್ಮಕ್ಕೆ ಚರ್ಮ ತಾಗಿರಬೇಕು ಎಂದಿತು. ದೇಶವೇ ಬೆಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ನೋಡಬೇಕಾದದ್ದು ಮುಟ್ಟಿದವನ ಲೈಂಗಿಕ ಉದ್ದೇಶವನ್ನು, ನಡುವೆ ಬಟ್ಟೆಯಿತ್ತೇ ಎಂಬುದನ್ನಲ್ಲ ಎಂದು ಅದು ಹೇಳಿತು. ಅಪೀಲಿನಿಂದ ಅಪೀಲಿಗೆ ಹೋಗುವ ಈ ಮೆಟ್ಟಿಲುಗಳು ಅಲೆದಾಟವೆನಿಸಬಹುದು. ಆದರೆ ತಪ್ಪನ್ನು ತಿದ್ದುವ ದಾರಿಯೂ ಅದೇ ಮೆಟ್ಟಿಲುಗಳಲ್ಲಿದೆ. ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಏಳೆಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರ ಮಾಡಿದವನ ಹತ್ತು ವರ್ಷದ ಸಜೆಯನ್ನು, ಅವನು ಅನಕ್ಷರಸ್ಥ, ಕುಡುಕ, ಹಿಂದುಳಿದವನು ಎಂಬ ಕಾರಣಗಳಿಂದ ನಾಲ್ಕಕ್ಕೆ ಇಳಿಸಲಾಗಿತ್ತು. 2000ದಲ್ಲಿ ಸುಪ್ರೀಂ ಕೋರ್ಟು ಅವು ಕನಿಕರಕ್ಕೆ ಕಾರಣಗಳಲ್ಲವೆಂದು ಪುನಃ ಹತ್ತು ವರ್ಷಗಳನ್ನು ವಿಧಿಸಿತು.

* * *

ಇಷ್ಟನ್ನು ಓದಿದ ತಂದೆತಾಯಿಗಳ ಮನಸ್ಸಿನಲ್ಲಿ, ಮಗು ಹೇಳಿದ ಮೇಲೆ ಇನ್ನೇನು ವಿಚಾರಣೆ, ಇನ್ನೇನು ಅಪೀಲು ಎಂಬ ಕಿಡಿ ಏಳುವುದು ಸಹಜ. ಆದರೆ ತಕ್ಕಡಿಗೆ ಎರಡು ತಟ್ಟೆಗಳಿವೆ. ಮತ್ತೊಂದು ತಟ್ಟೆಯಲ್ಲಿಯೂ ಒಬ್ಬ ಮನುಷ್ಯನ ಬಾಳುವೆ ಇದೆ. ಅವನು ತಪ್ಪು ಮಾಡಿರದೆಯೂ ಇರಬಹುದು. ಮಗು ಸಾಮಾನ್ಯವಾಗಿ ಇಂಥ ಸುಳ್ಳನ್ನು ತಾನಾಗಿ ಕಟ್ಟಲಾರದು. ಆದರೆ ದೊಡ್ಡವರ ಜಗಳದಲ್ಲಿ, ಆಸ್ತಿಯ ವ್ಯಾಜ್ಯದಲ್ಲಿ, ಗಂಡಹೆಂಡಿರ ಮನಸ್ತಾಪದಲ್ಲಿ ಅದರ ಬಾಯಿಗೆ ಮಾತು ತುರುಕುವವರು ಇಲ್ಲವೆನ್ನಲಾಗದು. ಮಗು ಹೇಳಿಕೊಟ್ಟ ಮಾತಿಗೆ ಸುಲಭವಾಗಿ ಒಳಗಾಗಬಲ್ಲುದು, ಆದಕಾರಣ ಅದರ ಸಾಕ್ಷ್ಯವನ್ನು ಎಚ್ಚರಿಕೆಯಿಂದ ತೂಗಬೇಕೆಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿತು. ಒಬ್ಬಳದೇ ಸಾಕ್ಷ್ಯದ ಮೇಲೆ ಶಿಕ್ಷೆ ನಿಲ್ಲಬೇಕಾದರೆ ಅದು ಮೊದಲಿನಿಂದ ಕೊನೆಯವರೆಗೆ ಅಪರಂಜಿಯಂತೆ ಇರಬೇಕೆಂದು 2012ರ ತೀರ್ಪೊಂದು ವಿವರಿಸಿತು. ಕರ್ನಾಟಕದಿಂದ ಹೋದ ಬೇರೊಂದು ಬಗೆಯ ಅಪರಾಧದ ಅಪೀಲಿನಲ್ಲಿ, 2007ರಲ್ಲಿ, ಬಿಡುಗಡೆಯ ವಿರುದ್ಧದ ಅಪೀಲುಗಳಿಗೆ ದಾರಿದೀಪವಾದ ಸೂತ್ರಗಳು ರೂಪುಗೊಂಡವು: ಮೇಲಿನ ಕೋರ್ಟಿಗೆ ಇಡೀ ಸಾಕ್ಷ್ಯವನ್ನು ಹೊಸದಾಗಿ ಪರಿಶೀಲಿಸುವ ಪೂರ್ಣ ಅಧಿಕಾರವಿದೆ, ಆದರೆ ಒಮ್ಮೆ ಬಿಡುಗಡೆಯಾದವನ ನಿರ್ದೋಷಿತ್ವದ ಭಾವನೆ ಇಮ್ಮಡಿಯಾಗಿರುತ್ತದೆ, ಸಾಕ್ಷ್ಯದಿಂದ ಎರಡು ಸಮಂಜಸವಾದ ನಿರ್ಣಯಗಳು ಹೊರಡುವಂತಿದ್ದರೆ ಬಿಡುಗಡೆಯನ್ನು ಕದಲಿಸಬಾರದು.

2012ರಲ್ಲಿ ಬಂದ ಮಕ್ಕಳ ರಕ್ಷಣಾ ಶಾಸನ, ಪೋಕ್ಸೊ ಎಂದು ಎಲ್ಲರ ಬಾಯಲ್ಲಿರುವುದು, ಈ ತಕ್ಕಡಿಯನ್ನು ಕೊಂಚ ಹೊಸದಾಗಿ ಕಟ್ಟಿತು. ಅದು ಹೆಣ್ಣುಮಕ್ಕಳಂತೆಯೇ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ಮಗುವಿನ ಹೇಳಿಕೆಯನ್ನು ಪೊಲೀಸರು ಸಮವಸ್ತ್ರವಿಲ್ಲದೆ, ಮಗುವಿನ ಮನೆಯಲ್ಲಿ ಅಥವಾ ಅದು ಇಷ್ಟಪಡುವ ಸ್ಥಳದಲ್ಲಿ, ನಂಬಿಕೆಯ ಹಿರಿಯರ ಸಮ್ಮುಖದಲ್ಲಿ ಬರೆದುಕೊಳ್ಳಬೇಕು. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು. ಮಗುವಿನ ಸಾಕ್ಷ್ಯ ಮೂವತ್ತು ದಿನಗಳೊಳಗೆ ದಾಖಲಾಗಬೇಕು. ಸಾಧ್ಯವಾದಷ್ಟು ಮಟ್ಟಿಗೆ ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು. ಎಲ್ಲಕ್ಕಿಂತ ದೊಡ್ಡ ಬದಲಾವಣೆ 29ನೆಯ ಪ್ರಕರಣದಲ್ಲಿದೆ: ಗಂಭೀರವಾದ ಅಪರಾಧಗಳಲ್ಲಿ, ವಿರುದ್ಧವಾದುದು ರುಜುವಾತಾಗುವವರೆಗೆ ಆಪಾದಿತನೇ ಕೃತ್ಯವೆಸಗಿದನೆಂದು ನ್ಯಾಯಾಲಯ ಭಾವಿಸಬೇಕು. ಆದರೆ ಈ ಭಾವನೆ ಗಾಳಿಯಲ್ಲಿ ನಿಲ್ಲದು. ನೊಂದವರು ಮಗುವೆಂಬುದನ್ನೂ ಘಟನೆಯ ಮೂಲ ಸಂಗತಿಗಳನ್ನೂ ಮೊದಲು ಸರಕಾರದ ಪಕ್ಷವೇ ಸ್ಥಾಪಿಸಬೇಕು, ಆಮೇಲೆ ಮಾತ್ರ ಹೊರೆ ಆ ಕಡೆಗೆ ವಾಲುವುದು ಎಂದು ನ್ಯಾಯಾಲಯಗಳು ಸ್ಪಷ್ಟಪಡಿಸಿವೆ.

ಮಗುವೆಂಬುದನ್ನು ಸ್ಥಾಪಿಸುವುದು ಸುಲಭವೆಂದು ತೋರಬಹುದು. ಹದಿನಾರು ಹದಿನೇಳರ ಆಸುಪಾಸಿನವರ ಮೊಕದ್ದಮೆಗಳಲ್ಲಿ ಅನೇಕ ಅಪೀಲುಗಳು ಎಡವುವುದು ಇಲ್ಲಿಯೇ. ವಯಸ್ಸಿಗೆ ಮೊದಲ ಆಧಾರ ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ; ಅದಿಲ್ಲದಿದ್ದರೆ ನಗರಸಭೆ, ಪಂಚಾಯಿತಿಗಳ ಜನನಪತ್ರ; ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಬೆಳವಣಿಗೆಯನ್ನು ನೋಡುವ ವೈದ್ಯಪರೀಕ್ಷೆ. ಆ ಪರೀಕ್ಷೆಯ ಫಲ ವರ್ಷ ಎರಡು ವರ್ಷ ಆಚೀಚೆಯಾಗಬಲ್ಲುದು. ಆ ಅಂತರದಲ್ಲಿ ಸಂಶಯ ಹೊಕ್ಕಿತೆಂದರೆ ಅದರ ಲಾಭ ಆಪಾದಿತನಿಗೆ. ಮಗುವನ್ನು ಶಾಲೆಗೆ ಸೇರಿಸುವಾಗ ಅನುಕೂಲಕ್ಕೆಂದು ಒಂದು ವರ್ಷ ಹೆಚ್ಚೋ ಕಡಿಮೆಯೋ ಬರೆಸುವ ಗೃಹಸ್ಥರು ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆ ದಿನ ಬರೆಸಿದ ಸಣ್ಣ ಸುಳ್ಳು ಮುಂದೊಂದು ದಿನ ದೊಡ್ಡ ಸತ್ಯದ ಕಾಲು ಹಿಡಿದು ಎಳೆದೀತು.

* * *

ನ್ಯಾಯಾಲಯದ ಈ ದೀರ್ಘ ಯಾತ್ರೆಯ ಕೊನೆಯಲ್ಲಿ ನಿಂತು ಹಿಂದಿರುಗಿ ನೋಡಿದರೆ, ಎಲ್ಲ ಮೆಟ್ಟಿಲುಗಳ ಬುಡದಲ್ಲಿ ಕಾಣುವುದು ಒಂದು ಮನೆಯ ಹೊಸ್ತಿಲು. ರಾಜಸ್ಥಾನದ ಎಂಟು ವರ್ಷದವಳು ಹೇಳಿದ್ದು ತಾಯಿಗೆ. ಪಂಜಾಬಿನ ಪರೀಕ್ಷೆಯ ಹುಡುಗಿ ಹೇಳಿದ್ದೂ ತಾಯಿಗೆ. ಪೊಲೀಸು, ವೈದ್ಯರು, ವಕೀಲರು, ಮೂರು ಅಂತಸ್ತಿನ ನ್ಯಾಯಾಧೀಶರು ಎಲ್ಲರೂ ಬಂದದ್ದು ಆಮೇಲೆ. ಮೊದಲ ವಿಚಾರಣೆ ನಡೆಯುವುದು ಅಡಿಗೆಮನೆಯ ಬಾಗಿಲಲ್ಲಿ. ಮೊದಲ ದಾಖಲೆ ಬರೆಯಲ್ಪಡುವುದು ತಾಯಿಯ, ತಂದೆಯ, ಅಜ್ಜಿಯ ನೆನಪಿನಲ್ಲಿ.

ಆ ಹೊತ್ತಿನಲ್ಲಿ, "ಸುಮ್ಮನಿರು, ಯಾರ ಮುಂದೆಯೂ ಹೇಳಬೇಡ" ಎಂದರೆ ಸಾಕ್ಷ್ಯ ಅಲ್ಲಿಯೇ ಸತ್ತಿತು. "ಅವನು ಹೀಗೆ ಮಾಡಿದನಲ್ಲವೇ, ಹಾಗೆ ಮಾಡಿದನಲ್ಲವೇ" ಎಂದು ಆವೇಶದಿಂದ ಮಗುವಿನ ಬಾಯಿಗೆ ಮಾತು ಕೊಟ್ಟರೂ ಸಾಕ್ಷ್ಯ ಗಾಯಗೊಂಡ ಹಾಗೆಯೇ, ಮುಂದೆ ಪಾಟೀ ಸವಾಲಿನಲ್ಲಿ, "ಇದನ್ನು ಯಾರು ಹೇಳಿಕೊಟ್ಟರು?" ಎಂಬ ಪ್ರಶ್ನೆಗೆ ಮಗು ಮುಗ್ಧವಾಗಿ, "ಅಮ್ಮ" ಎಂದರೆ ಯಾರನ್ನು ದೂರಬೇಕು? ಹೇಳುವುದನ್ನು ಹೇಳಗೊಡುವುದು, ಗದರಿಸದಿರುವುದು, ಕೇಳಿದ ಮಾತನ್ನು ಅದೇ ಶಬ್ದಗಳಲ್ಲಿ ದಿನ ವೇಳೆಗಳೊಡನೆ ಬರೆದಿಟ್ಟುಕೊಳ್ಳುವುದು, ತೊಟ್ಟ ಬಟ್ಟೆಯನ್ನು ಒಗೆಯದೆ ಎತ್ತಿಡುವುದು, ತಡಮಾಡದೆ ತಿಳಿಸುವುದು: ಗೃಹಸ್ಥರು ಮಾಡಬಹುದಾದದ್ದು ಇಷ್ಟು. ತಿಳಿಸುವುದು ಈಗ ಇಷ್ಟಕ್ಕೆ ಬಿಟ್ಟ ಸಂಗತಿಯೂ ಅಲ್ಲ. ಪೋಕ್ಸೊ ಶಾಸನದಂತೆ, ಅಪರಾಧ ನಡೆದಿದೆಯೆಂದು ಬಲ್ಲ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮಾನವೆಂದು ಮುಚ್ಚಿಡುವುದು ಶಿಕ್ಷಾರ್ಹ. ಮಾನ ಹೋಗಬೇಕಾದದ್ದು ಯಾರದೆಂಬ ಲೆಕ್ಕವನ್ನು ಸಮಾಜ ಇನ್ನಾದರೂ ಸರಿಯಾಗಿ ಹಾಕುವುದನ್ನು ಕಲಿಯಬೇಕು.

ಪ್ರಮಾಣವೆಂಬ ಶಬ್ದದ ಮೊದಲ ಅರ್ಥವನ್ನು ಆ ಎಂಟು ವರ್ಷದ ಬಾಲಿಕೆ ಅರಿಯಳು. ಎರಡನೆಯದು ನ್ಯಾಯಾಧೀಶರಿಗೆ ಸೇರಿದ್ದು. ಮನೆಯ ಹಿರಿಯರಿಗೆ ಉಳಿಯುವುದು ಮೂರನೆಯ ಅರ್ಥ, ಅಳತೆ. ಮಗು ಹೇಳಿದಷ್ಟನ್ನು, ಹೇಳಿದಂತೆ, ಒಂದು ಗುಂಜಿ ಹೆಚ್ಚಿಲ್ಲದೆ, ಒಂದು ಗುಂಜಿ ಕಡಿಮೆಯಿಲ್ಲದೆ ಕಾಯ್ದಿಡುವ ಅಳತೆ. ಊರು ಕೇರಿ ತಿಳಿಯದ ಆ ತಾಯಿ ಮಾಡಿದ್ದು ಅಷ್ಟನ್ನೇ. ಹೊರಗಿನಿಂದ ಬಂದಳು, ಮಗಳು ಎದ್ದು ಹೇಳಿದ್ದನ್ನು ಕೇಳಿದಳು, ಕೇಳಿದ್ದನ್ನು ಕೋರ್ಟಿನಲ್ಲಿ ಹೇಳಿದಳು. ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಅಷ್ಟು ಸಾಕಾಯಿತು.